ಅಕ್ಕನ ಮುಪ್ಪಿಗೆಂದು ಮಾಡಿಕೊಂಡ ಮನೆ

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಭಾವ ತೀರಿಕೊಂಡ ಮೇಲೆ ಬೆಸಗರಹಳ್ಳಿಯಲ್ಲಿ ಒಬ್ಬಳೇ ಇದ್ದಳು, ಮಕ್ಕಳಾಗಿರಲಿಲ್ಲ. ನಾನು ಮದುವೆಯಾಗದೆ ಮಳವಳ್ಳಿಯ ಖಾಸಗಿ ಶಾಲೆಯೊಂದರಲ್ಲಿ ಗಣಿತ ಕಲಿಸಿ ನಿವೃತ್ತಳಾದೆ. ಪಿಂಚಣಿ ಇಲ್ಲದ ಕೆಲಸ. ಮುಂದೆ ಹೇಗೆ ಎಂಬ ಯೋಚನೆ ಇಬ್ಬರಿಗೂ ಇತ್ತು. ಒಂದು ದಿನ ಅಕ್ಕನೇ ಕೇಳಿದಳು: “ನೀನೂ ಒಬ್ಳೇ, ನಾನೂ ಒಬ್ಳೇ. ಒಂದೇ ಒಲೆ ಸಾಕಾಗಕಿಲ್ವೇನೇ?”

ಮದ್ದೂರಿನಲ್ಲಿ ಪುಟ್ಟ ಮನೆ ಕೊಂಡೆವು. ಆಸ್ಪತ್ರೆ ಹತ್ತಿರ, ರೈಲು ಹತ್ತಿದರೆ ಮಂಡ್ಯ. ಅಕ್ಕನ ಮಂಡಿ ಆಗಲೇ ಸವೆದಿತ್ತು, ಸಕ್ಕರೆ ಕಾಯಿಲೆಯೂ ಇತ್ತು. ಹಾಗಾಗಿ ಮೆಟ್ಟಿಲಿಲ್ಲದ ಮನೆಯನ್ನೇ ಹುಡುಕಿದ್ದೆವು. ಬಚ್ಚಲ ಗೋಡೆಗೆ ಹಿಡಿ ಹಾಕಿಸಿದೆ. ನಾನು ಕೂಡಿಟ್ಟಿದ್ದು, ಅಕ್ಕ ಜಮೀನು ಮಾರಿದ ದುಡ್ಡು, ಎರಡನ್ನೂ ಬ್ಯಾಂಕಿನಲ್ಲಿಟ್ಟು ಬಡ್ಡಿಯಲ್ಲಿ ಜೀವನ ಮಾಡುವುದೆಂದು ತೀರ್ಮಾನಿಸಿದೆವು. ಅಕ್ಕನ ವಯಸ್ಸು ಮತ್ತು ಕಾಯಿಲೆ ಕೇಳಿ ಆರೋಗ್ಯ ವಿಮೆಯವರು ಆಗುವುದಿಲ್ಲ ಎಂದರು, ನನಗೆ ಮಾತ್ರ ಕೊಟ್ಟರು. “ಬುಡು, ನೀನು ಗಟ್ಟಿಯಾಗಿದ್ರೆ ಸಾಕು. ನನ್ನ ನೋಡ್ಕಳಕ್ಕೆ ನೀನಿದ್ದೀಯಲ್ಲ,” ಎಂದಳು ಅಕ್ಕ. ನಾವು ಯೋಚಿಸಿದ್ದೆಲ್ಲ ಹಾಗೆಯೇ. ಅವಳು ಮಲಗುವುದು, ನಾನು ನೋಡಿಕೊಳ್ಳುವುದು.

ಎರಡನೆಯ ವರ್ಷ ನನ್ನ ಬಲಗೈ ನಡುಗಲು ಶುರುವಾಯಿತು. ಸುಸ್ತು ಇರಬೇಕೆಂದುಕೊಂಡೆ. ಆಮೇಲೆ ರವಿಕೆಯ ಗುಂಡಿ ಹಾಕಿಕೊಳ್ಳಲಾಗದೆ ಹೋಯಿತು, ನಡೆಯುವಾಗ ಕಾಲು ನೆಲಕ್ಕೆ ಅಂಟಿದಂತಾಗುತ್ತಿತ್ತು. ಮಂಡ್ಯದ ನರರೋಗದ ಡಾಕ್ಟರು ನನ್ನನ್ನು ಕೋಣೆಯ ಉದ್ದಕ್ಕೆ ನಡೆಸಿ ನೋಡಿ, ಇದು ಕಂಪವಾತ, ವಾಸಿಯಾಗುವುದಿಲ್ಲ, ಮಾತ್ರೆ ನುಂಗುತ್ತಾ ಇರಬೇಕು ಎಂದರು. ಅಕ್ಕನಿಗೆ ಅರ್ಥವಾಗಲಿಲ್ಲ.

“ಯಾರ್ಗೆ ಸ್ವಾಮಿ? ಇವ್ಳ್ಗಾ?” ಎಂದು ಎರಡು ಸಲ ಕೇಳಿದಳು.

ವಿಮೆ ಇದೆಯಲ್ಲ ಎಂಬ ಧೈರ್ಯವೂ ಉಳಿಯಲಿಲ್ಲ. ಆಸ್ಪತ್ರೆಯಲ್ಲಿ ಮಲಗಿದರೆ ಮಾತ್ರ ಅದು. ದಿನದಿನದ ಮಾತ್ರೆಗೆ, ಮನೆಗೆ ಬಂದು ನೋಡಿಕೊಳ್ಳುವವರ ಸಂಬಳಕ್ಕೆ ಅದರಲ್ಲಿ ಏನೂ ಇಲ್ಲ. ಬಡ್ಡಿ ಸಾಲದೆ ಅಸಲಿಗೆ ಕೈಹಾಕಿದೆವು. ನೋಡಿಕೊಳ್ಳಲು ಬರುತ್ತಿದ್ದ ಹೆಂಗಸನ್ನು ಬಿಡಿಸಬೇಕಾಯಿತು. ಅಂದಿನಿಂದ ಅಕ್ಕನೇ ನನಗೆ ಸ್ನಾನ ಮಾಡಿಸುತ್ತಾಳೆ. ಒಂದು ಕೈಯಲ್ಲಿ ತನ್ನ ಮಂಡಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ನನ್ನ ತಲೆಗೆ ನೀರು ಹಾಕುತ್ತಾಳೆ. ಅವಳಿಗೆ ನೋವಾದಾಗ ಬಾಯಿ ಬಿಡುವುದಿಲ್ಲ, ನೀರು ಹಾಕುವುದು ನಿಲ್ಲುತ್ತದೆ ಅಷ್ಟೆ. ಕಣ್ಣು ಮುಚ್ಚಿ ಕುಳಿತ ನನಗೆ ಅದರಿಂದಲೇ ಗೊತ್ತಾಗುತ್ತದೆ.

ಕೊನೆಗೆ ಮನೆ ಮಾರಿ ವೃದ್ಧಾಶ್ರಮ ಸೇರೋಣವೆಂದೆ. ಅಕ್ಕ ಒಪ್ಪಲು ತಿಂಗಳುಗಳೇ ಹಿಡಿದವು. ಮಂಡ್ಯದಾಚೆಗಿನ ಒಂದು ಆಶ್ರಮಕ್ಕೆ ಆಟೋ ಮಾಡಿಕೊಂಡು ಹೋದೆವು. ಜಾಗ ಚೆನ್ನಾಗಿತ್ತು, ಹೊಂಗೆ ಮರದ ನೆರಳಿನಲ್ಲಿ ನಾಲ್ಕೈದು ಅಜ್ಜಿಯರು ಅವರೆಕಾಯಿ ಸುಲಿಯುತ್ತಿದ್ದರು. ಅಲ್ಲಿನ ಮೇಲ್ವಿಚಾರಕಿ ಒಳ್ಳೆಯ ಹೆಂಗಸು. ನಾನು ಬಾಗಿಲು ದಾಟಲು ಒದ್ದಾಡಿದ್ದನ್ನು ನೋಡಿದ್ದಳು.

“ತಾವೇ ಎದ್ದು ಊಟದ ಮನೆಗೆ ಬರೋರ್ನ ಮಾತ್ರ ಸೇರಿಸ್ಕೊತೀವಿ ಕಣಮ್ಮ. ಮಲಗಿದೋರ್ನ ಎತ್ತಿ ಇಳ್ಸೋಕೆ ನಮ್ಮಲ್ಲಿ ಜನ ಇಲ್ಲ. ದೊಡ್ಡಮ್ಮೋರು ಇರ್ಲಿ ಬೇಕಾದ್ರೆ,” ಎಂದಳು.

ಅಕ್ಕ ಸೆರಗು ಕೊಡವಿ ಎದ್ದು ನಿಂತಳು. “ಇವ್ಳ್ನ ರಸ್ತೇಲಿ ಬುಟ್ಟು ನಾನಿಲ್ಲಿ ಉಣ್ಣಕೆ ಕೂತ್ಕಳ್ಳಾ? ನಡಿಯೇ, ಓಗಾನ.”

ವಾಪಸ್ಸು ಬರುವಾಗ ಆಟೋದಲ್ಲಿ, ಯಲಿಯೂರು ದಾಟಿದ ಮೇಲೆ, ಹೊರಗೆ ಗದ್ದೆಯ ಕಡೆ ನೋಡುತ್ತಲೇ ಕೇಳಿದಳು:

“ನಾನೇ ಮೊದ್ಲು ಒಂಟೋದ್ರೆ ನಿಂಗೆ ಯಾರೇ?”

ಆಟೋ ಸದ್ದಿನಲ್ಲಿ ಕೇಳಿಸಲಿಲ್ಲವೆಂಬಂತೆ ನಾನು ಇನ್ನೊಂದು ಬದಿಗೆ ಮುಖ ತಿರುಗಿಸಿದೆ.

ಈಗ ನನ್ನ ದನಿಯೂ ಕುಗ್ಗಿದೆ. ಇದನ್ನು ಫೋನಿಗೆ ಹೇಳಿ ಬರೆಸುತ್ತಿದ್ದೇನೆ, ಅರ್ಧ ಮಾತು ಅದಕ್ಕೂ ತಿಳಿಯುವುದಿಲ್ಲ. ಅಕ್ಕನಿಗೆ ಕಣ್ಣು ಮಂಜಾಗಿದೆ. ಆಪರೇಷನ್ ಮಾಡಿಸಿಕೋ ಎಂದರೆ, ಅಷ್ಟು ದಿನ ನಿನ್ನನ್ನು ಯಾರು ನೋಡುತ್ತಾರೆ ಎನ್ನುತ್ತಾಳೆ. ಬೆಳಿಗ್ಗೆ ಎದ್ದ ಕೂಡಲೇ ಅಕ್ಕನಿಗಿಂತ ಮೊದಲು ನನ್ನನ್ನು ಕರೆದುಕೋ ಎಂದು ದೇವರನ್ನು ಕೇಳುತ್ತೇನೆ. ಕೇಳಿದ ಮೇಲೆ, ಎಪ್ಪತ್ತು ದಾಟಿದವಳಿಗೆ ತಂಗಿಯ ಹೆಣವನ್ನೂ ಸಾಗಿಸುವ ಕೆಲಸ ಒಪ್ಪಿಸುತ್ತಿದ್ದೇನಲ್ಲ ಎನ್ನಿಸುತ್ತದೆ. ಬೇರೆ ಏನು ಕೇಳಬೇಕೋ ತಿಳಿಯುವುದಿಲ್ಲ.

ನಿನ್ನೆ ಮಧ್ಯಾಹ್ನ ಮುದ್ದೆಯ ತುತ್ತು ಗಂಟಲಲ್ಲಿ ಸಿಕ್ಕಿಕೊಂಡಿತು. ಅಕ್ಕ ಬೆನ್ನು ಗುದ್ದಿ ಗುದ್ದಿ ಹೊರಗೆ ತೆಗೆಸಿದಳು. ಸ್ವಲ್ಪ ಹೊತ್ತು ಇಬ್ಬರೂ ಏದುಸಿರು ಬಿಡುತ್ತಾ ನೆಲದ ಮೇಲೇ ಕುಳಿತಿದ್ದೆವು. ಆಮೇಲೆ ಅವಳು ಗೋಡೆ ಹಿಡಿದು ಎದ್ದು, ಉಳಿದ ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ ತೆಳ್ಳಗೆ ಮಾಡಿ ತಂದಳು.

“ನಿದಾನುಕ್ ಕುಡಿ,” ಎಂದು ಲೋಟವನ್ನು ನನ್ನ ಬಾಯಿಗೆ ಹಿಡಿದಳು.