ಪಿಕಪ್ಪಿನ ಕಟಕಟ

ನಮ್ಮ ಮನೆಯವರಿಗೆ ಲಕ್ವ ಹೊಡೆದ ಮೇಲೆ ಪಿಕಪ್ ಓಡಿಸುವ ಕೆಲಸ ನನ್ನ ಪಾಲಿಗೆ ಬಂತು. ಓಡಿಸುವುದನ್ನು ಕಲಿಸಿದ್ದವರೂ ಅವರೇ. ಹೊಸದುರ್ಗದಲ್ಲಿ ಇಪ್ಪತ್ತು ವರ್ಷ ಗ್ಯಾರೇಜು ನಡೆಸಿದ ಮನುಷ್ಯ. ಗಾಡಿ ತಿರುವಿನಲ್ಲಿ ಬರುವಾಗಲೇ ಸದ್ದು ಕೇಳಿ, ಯಾವ ಬುಷ್ ಹೋಗಿದೆ ಎಂದು ಹೇಳುತ್ತಿದ್ದರು. ಈಗ ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಮಾತೆಲ್ಲ ಹೋಗಿ ಒಂದೇ ಪದ ಉಳಿದಿತ್ತು, 'ಬ್ಯಾಡ'. ನೀರು ಬೇಕಾದರೂ ಬ್ಯಾಡ, ಹಸಿವಾದರೂ ಬ್ಯಾಡ.

ಮನೆಯಲ್ಲಿ ಒಬ್ಬರನ್ನೇ ಬಿಡುವ ಹಾಗಿರಲಿಲ್ಲ. ಪಕ್ಕದ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಿ, ಮತ್ತೋಡಿನಲ್ಲಿ ಎಳನೀರು ತುಂಬಿಕೊಂಡು, ಹೊಳಲ್ಕೆರೆ ಮೇಲೆ ಚಿತ್ರದುರ್ಗಕ್ಕೆ ಹೋಗುತ್ತಿದ್ದೆ. ಒಂದು ದಿನ ಹೊಳಲ್ಕೆರೆ ದಾಟಿ ವೇಗ ಅರವತ್ತಕ್ಕೆ ಬಂದಾಗ ಸ್ಟೇರಿಂಗ್ ನಡುಗತೊಡಗಿತು. ಗುಂಡಿಗೆ ಇಳಿದು ಹತ್ತಿದಾಗ ಮುಂದುಗಡೆ ಕಟ್ ಎಂದಿತು. ಅವರು ತಟ್ಟನೆ ಕುತ್ತಿಗೆ ಹೊರಳಿಸಿದರು. ಲಕ್ವ ಹೊಡೆದಾಗಿನಿಂದ ಅವರ ಮುಖದಲ್ಲಿ ಅಷ್ಟು ಜೀವ ನಾನು ಕಂಡಿರಲಿಲ್ಲ. ಎಡಗೈ ಎತ್ತಿ ಗಾಳಿಯಲ್ಲಿ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ತಿರುಗಿಸಿ, "ಬ್ಯಾಡ, ಬ್ಯಾಡ" ಎಂದರು. ವಾಪಸ್ ತಿರುಗಿಸು ಅನ್ನುತ್ತಿದ್ದಾರೆ ಎಂದುಕೊಂಡು ಗಾಡಿ ಹೊರಳಿಸಿದೆ. ಅದಕ್ಕೆ ಸಿಟ್ಟಾಗಿ ಡ್ಯಾಶ್‌ಬೋರ್ಡಿಗೆ ಗುದ್ದಿದರು.

ಹೊಳಲ್ಕೆರೆಯ ಮೆಕ್ಯಾನಿಕ್ ಚಕ್ರಗಳ ಬ್ಯಾಲೆನ್ಸ್ ಮಾಡಿಸಿದ. ನಡುಕ ಸ್ವಲ್ಪ ತಗ್ಗಿತು, ಸದ್ದು ನಿಲ್ಲಲಿಲ್ಲ. ಮುಂದಿನ ವಾರ ಚಿತ್ರದುರ್ಗದಲ್ಲಿ ಮುಂದಿನ ಚಕ್ರ ತಿರುಗಿಸುವ ಟೈರಾಡ್ ಎಂಡ್ ಬದಲಾಯಿಸಿದರು, ಆಮೇಲೆ ಬಾಲ್ ಜಾಯಿಂಟ್. ಸದ್ದು ಅಲ್ಲೇ ಇತ್ತು. ಪ್ರತಿ ಸಲವೂ ಮನೆಯವರು ಗಾಡಿಯೊಳಗೆ ಕೂತು ಅದೇ ರೀತಿ ಕೈ ತಿರುಗಿಸುತ್ತಿದ್ದರು. ಬಾನೆಟ್ ಮೇಲೆ ಬಗ್ಗಿದ್ದ ಮೆಕ್ಯಾನಿಕ್ ಒಮ್ಮೆ ತಲೆಯೆತ್ತಿ, "ಏನಕ್ಕ, ಯಜಮಾನ್ರು ಎಲ್ಲದಕ್ಕೂ ಬ್ಯಾಡ ಅಂತಾರಲ್ಲ, ಬಿಚ್ಲೋ ಬ್ಯಾಡ್ವೋ?" ಎಂದು ನಕ್ಕ. ನನಗೆ ನಾಚಿಕೆಯಾಯಿತು.

"ನೀವು ಸುಮ್ನೆ ಕುಂತ್ಕಳ್ರಿ!" ಎಂದು ಎಲ್ಲರೆದುರು ಗದರಿದೆ.

ಕೈ ಕೆಳಗಿಳಿಯಿತು. ಆಮೇಲೆ ಅವರು ಎತ್ತಲಿಲ್ಲ.

ಇನ್ನೂ ಎರಡು ತಿಂಗಳು ಹಾಗೇ ಓಡಿಸಿದೆ. ಹಿರಿಯೂರಿಗೆ ಬಾಡಿಗೆ ಹೋದಾಗ, ಸದ್ದು ತಡೆಯಲಾರದೆ ಹೆದ್ದಾರಿ ಪಕ್ಕದ ಒಂದು ಶೆಡ್ಡಿಗೆ ಗಾಡಿ ಬಿಟ್ಟೆ. ಅಲ್ಲಿದ್ದ ಹಿರಿಯ ಮೆಕ್ಯಾನಿಕ್ ಏನನ್ನೂ ಬಿಚ್ಚಲಿಲ್ಲ. ಗೋಣಿಚೀಲ ಹಾಸಿ ಗಾಡಿಯ ಕೆಳಗೆ ಮಲಗಿ ಕೂಗಿದರು: "ಅಮ್ಮ, ಇಂಜಿನ್ ಚಾಲೂ ಮಾಡ್ರಿ. ಗಾಡಿ ಮುಂದಕ್ಕೆ ಬಿಡಬ್ಯಾಡ್ರಿ. ನಿಂತಲ್ಲೇ ಸ್ಟೇರಿಂಗ್ ಎಡಕ್ ತಿರುಗ್ಸ್ರಿ, ಬಲಕ್ ತಿರುಗ್ಸ್ರಿ."

ನಾನು ತಿರುಗಿಸಿದೆ. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಕಟ್, ಕಟ್ ಎಂದಿತು. ಗ್ಯಾರೇಜಿದ್ದ ಕಾಲದಲ್ಲಿ ಇವರೂ ನನ್ನನ್ನು ಸೀಟಿನಲ್ಲಿ ಕೂರಿಸಿ, ಕೆಳಗೆ ಮಲಗಿ, ಹೀಗೇ ಎಷ್ಟು ಸಲ ತಿರುಗಿಸಲು ಹೇಳಿ ಸದ್ದು ಹುಡುಕಿದ್ದರು! ಮರೆತೇ ಹೋಗಿತ್ತು.

"ಸಿಕ್ತು ಬರ್ರಿ," ಎಂದು ಹಿರಿಯರು ಕರೆದು ಟಾರ್ಚ್ ಬಿಟ್ಟರು. ಸ್ಟೇರಿಂಗ್ ಬಾಕ್ಸ್ ಕೂರುವ ಜಾಗದಲ್ಲಿ ಗಾಡಿಯ ತಳದ ಕಬ್ಬಿಣದ ಚೌಕಟ್ಟು, ಚಾಸಿಯೇ ಸೀಳಿಹೋಗಿತ್ತು. "ಮೊದ್ಲು ಕೂದಲೆಳೆಯಷ್ಟು ಇದ್ದಿರ್ತತೆ. ಆಗ್ಲೇ ಹಿಡಿದಿದ್ರೆ ಬಚಾವಾಗ್ತಿತ್ತು. ಈಗ ಅರ್ಧ ಸುತ್ತು ಹೋಗೈತೆ. ವೆಲ್ಡ್ ಹೊಡೀತೀನಿ, ಆದ್ರೆ ಲೋಡ್ ಹಾಕಬ್ಯಾಡ್ರಿ. ನಂಬಂಗಿಲ್ಲ."

ನಾನು ಮನೆಯವರು ಕೂತಿದ್ದ ಕಡೆಯ ಬಾಗಿಲ ಬಳಿ ಹೋಗಿ ನಿಂತೆ. "ನೀವು ಹೇಳಿದ್ದು ಇದೇ ಅಲ್ಲೇನ್ರಿ? ನಂಗೆ ತಿಳೀಲಿಲ್ಲ," ಎಂದೆ. ಹೌದು ಎಂದೋ ಅಲ್ಲ ಎಂದೋ ತಲೆಯಾದರೂ ಆಡಿಸಲಿ ಎಂದು ಕಾದೆ. ಅವರು ರಸ್ತೆಯಲ್ಲಿ ಹೋಗುವ ಲಾರಿಗಳನ್ನು ನೋಡುತ್ತಿದ್ದರು. ಬ್ಯಾಡ ಎಂದೂ ಅನ್ನಲಿಲ್ಲ.

ವೆಲ್ಡ್ ಮಾಡಿದ್ದರ ಪಕ್ಕದಲ್ಲೇ ಮಳೆಗಾಲದೊಳಗೆ ಇನ್ನೊಂದು ಸೀಳು ಬಿತ್ತು. ಗಾಡಿಯನ್ನು ಗುಜರಿಯವರು ಹಗ್ಗ ಕಟ್ಟಿ ಎಳೆದುಕೊಂಡು ಹೋದರು. ಆ ದಿನ ಮನೆಯವರನ್ನು ಹೊರಗೆ ಕರೆತಂದು ತೋರಿಸಲು ನನಗೆ ಧೈರ್ಯ ಬರಲಿಲ್ಲ. ಈಗ ನಾನು ಮತ್ತೋಡಿನ ಒಂದು ತೋಟದಲ್ಲಿ ಕಾಯಿ ಆರಿಸುತ್ತೇನೆ. ಪಕ್ಕದ ಮನೆಯವರು ಆಗಾಗ ಬಂದು ಅವರನ್ನು ನೋಡಿ ಹೋಗುತ್ತಾರೆ. ಸಂಜೆ ಮನೆಗೆ ಬಂದರೆ ಬೆಳಿಗ್ಗೆ ಯಾವ ಮಗ್ಗುಲಲ್ಲಿ ಮಲಗಿಸಿ ಹೋಗಿರುತ್ತೇನೋ ಅದೇ ಮಗ್ಗುಲಲ್ಲಿ ಇರುತ್ತಾರೆ, ಎಡಗೈಯೂ ಇಟ್ಟಲ್ಲೇ ಇರುತ್ತದೆ.