ಸುಣ್ಣದ ಗೋಡೆಗೆ ನಾನು ಬಳಿದ ಬಣ್ಣ

ಯಲ್ಲವ್ವ, ಆ ಗೋಡೆಯನ್ನು ಬೀಳಿಸಿದ್ದು ನಾನು. ನಿಮ್ಮ ಬಕೆಟ್ಟಿನ ನೀರಲ್ಲ, ಮಳೆಯಲ್ಲ, ಗೋಡೆಯ ವಯಸ್ಸೂ ಅಲ್ಲ — ನಾನು. ನಾಲ್ಕು ವರ್ಷದಿಂದ ಈ ಮಾತನ್ನು ಬಾಯೊಳಗೇ ಇಟ್ಟುಕೊಂಡು ಓಡಾಡಿದ್ದೇನೆ. ನಿಮಗೆ ಓದಲು ಬಾರದು, ಗೊತ್ತು; ನಾನೇ ಎದುರು ಕೂತು ಓದಬೇಕು. ಆದರೂ ಬರೆದಿಡುತ್ತಿದ್ದೇನೆ. ಬರೀ ಬಾಯಿಮಾತಾದರೆ ನಡುವೆ ಎಲ್ಲಾದರೂ ನುಣುಚಿಕೊಳ್ಳುತ್ತೇನೆ — ನನ್ನ ಬುದ್ಧಿ ನನಗೆ ಗೊತ್ತು.

ವೈಟ್‌ಫೀಲ್ಡಿನ ಆ ಹಳೆಯ ಬೀದಿಯಲ್ಲಿ ಹೆಂಚಿನ ಮನೆಗಳ ಕಾಂಪೌಂಡು ಗೋಡೆ ಮುಟ್ಟಬೇಕಾದರೂ ಪರಂಪರೆ ಸಮಿತಿಯ ಒಪ್ಪಿಗೆ ಬೇಕಿತ್ತು. ಚಿತ್ರ ಬರೆಯುತ್ತೇನೆ ಎಂದು ಎಂಟು ತಿಂಗಳು ಅವರ ಹಿಂದೆ ಅಲೆದೆ. ಕೊನೆಗೆ ಒಂದೇ ಷರತ್ತು ಹಾಕಿ ಒಪ್ಪಿದರು: ಸುಣ್ಣದ ಗಾರೆಯ ಗೋಡೆಗೆ ಸುಣ್ಣದ ಬಣ್ಣವೇ ಆಗಬೇಕು. ಸಮಿತಿಯ ಹಿರಿಯರೊಬ್ಬರು ತಾಳ್ಮೆಯಿಂದ ವಿವರಿಸಿದ್ದರು — ಈ ಹಳೆಯ ಮಣ್ಣಿನ ಗೋಡೆಗಳು ನೆಲದಿಂದ ನೀರು ಹೀರುತ್ತವೆ, ಸುಣ್ಣದ ಮೂಲಕ ಹೊರಗೆ ಬಿಡುತ್ತವೆ. ಪ್ಲಾಸ್ಟಿಕ್ ಪೇಂಟ್ ಬಳಿದರೆ ನೀರು ಒಳಗೇ ಉಳಿಯುತ್ತದೆ, ಇಟ್ಟಿಗೆಗಳ ನಡುವಿನ ಮಣ್ಣು ಕೆಸರಾಗುತ್ತದೆ. ನಾನು ಜಾಣ ವಿದ್ಯಾರ್ಥಿನಿಯ ಹಾಗೆ ತಲೆಯಾಡಿಸಿದೆ. ಅರ್ಥವಾಗಿರಲಿಲ್ಲ ಎಂದು ಯಾವತ್ತೂ ಹೇಳಲಾರೆ.

ಆ ಗೋಡೆಯ ಬುಡದಲ್ಲಿ, ಹೊಂಗೆ ಮರದ ನೆರಳಿಗೆ, ನಿಮ್ಮ ಇಸ್ತ್ರಿ ಗಾಡಿ ಇತ್ತು. ಬಾಗಲಕೋಟೆ ಕಡೆಯಿಂದ ಬಂದು ಹನ್ನೆರಡು ವರ್ಷ ಅಲ್ಲೇ ನಿಂತು ಇಡೀ ಬೀದಿಯ ಬಟ್ಟೆ ತೀಡಿದವರು ನೀವು. ನಾನು ನಿಮ್ಮನ್ನೇ ಬರೆದೆ — ಗೋಡೆಯಷ್ಟೇ ಎತ್ತರ, ಬಲಗೈಯಲ್ಲಿ ಇಸ್ತ್ರಿ ಪೆಟ್ಟಿಗೆ, ಇಳಕಲ್ ಸೀರೆಯ ಕೆಂಪು ಸೆರಗು. ಗೆರೆ ಎಳೆದ ದಿನ ನೀವು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದು ಇನ್ನೂ ಕಣ್ಣಲ್ಲಿದೆ.

ಆ ಕೆಂಪೇ ನನ್ನನ್ನು ಕೆಡಿಸಿತು. ಅಲ್ಲ — ಕೆಂಪಿನ ಮೇಲೆ ಯಾಕೆ ಹೊರಿಸಲಿ. ಸುಣ್ಣದಲ್ಲಿ ಕಲಸಿದ ಕೆಂಪು ಒಣಗಿದ ಮೇಲೆ ನೂರು ಸಲ ಒಗೆದ ಬಟ್ಟೆಯಂತೆ ಪೇಲವವಾಯಿತು. ನನಗೆ ಸಿಕ್ಕ ಮೊದಲ ದೊಡ್ಡ ಗೋಡೆ ಅದು, ಜನ ನಿಂತು ನೋಡಬೇಕು ಅನ್ನುವ ಹಟ. ಪ್ಲಾಸ್ಟಿಕ್ ಪೇಂಟ್ ತಂದೆ. ಗೇಟಿನ ಪಕ್ಕದ ಮೂಲೆಯಲ್ಲಿ ಮಾತ್ರ ಒಂದು ಮೊಳದಷ್ಟು ಜಾಗಕ್ಕೆ ಸುಣ್ಣದ ಬಣ್ಣ ಬಳಿದೆ. ಯಾಕೆಂದರೆ ಆ ಹಿರಿಯರು ಪರೀಕ್ಷೆ ಮಾಡುತ್ತಿದ್ದುದು ಯಾವಾಗಲೂ ಅಲ್ಲೇ, ನೆರಳಲ್ಲಿ ನಿಂತು, ಬೆರಳು ಒದ್ದೆ ಮಾಡಿಕೊಂಡು ಉಜ್ಜಿ. ಉಜ್ಜಿದರು. ಬೆರಳಿಗೆ ಸುಣ್ಣ ಮೆತ್ತಿತು. ನಕ್ಕು ಸಹಿ ಹಾಕಿದರು.

ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಚಿತ್ರದ ಮೇಲೆ ಗುಳ್ಳೆಗಳೆದ್ದವು. ಒಂದನ್ನು ಪಿನ್ನಿನಿಂದ ಚುಚ್ಚಿದೆ. ನೀರು — ಒಂದೆರಡು ಹನಿಯಲ್ಲ, ಮೊಣಕೈವರೆಗೆ ಇಳಿಯುವಷ್ಟು, ಕೆಂಪು ಮಣ್ಣಿನ ನೀರು. ಆಗಲೇ ಹೇಳಿದ್ದರೆ ಬಣ್ಣ ಕೆರೆದು ಹಾಕುತ್ತಿದ್ದರು, ಚಿತ್ರ ಹೋಗುತ್ತಿತ್ತು, ಅಷ್ಟೇ. ನಾನು ಪುಟ್ಟಿ ಮೆತ್ತಿ ಮೇಲೆ ಮತ್ತೆ ಬಣ್ಣ ಬಳಿದೆ. ಎರಡನೆಯ ವರ್ಷವೂ ಹಾಗೇ ಮಾಡಿದೆ.

ಮೂರನೆಯ ವರ್ಷ ಸಮಿತಿಯವರು ಹೊರಗಿನ ಅತಿಥಿಗಳನ್ನು ಚಿತ್ರ ತೋರಿಸಲು ಕರೆತರುವವರಿದ್ದರು. ಅದಕ್ಕೆ ನಾಲ್ಕು ದಿನ ಮುಂಚೆ ನೀವು ನನ್ನನ್ನು ಕರೆದಿರಿ.

"ಅಕ್ಕಾರ, ಗ್ವಾಡಿಗೆ ಹೊಟ್ಟಿ ಬಂದಂಗ ಕಾಣತೈತ್ರಿ. ಗಾಡಿ ಆ ಕಡೆ ಸರಸ್ಲೇನ್ರಿ?"

ಬಗ್ಗಿ ನೋಡಿದೆ. ನಿಮ್ಮ ಗಾಡಿಯ ಹಿಂದೆ ಗೋಡೆ ಒಂದು ಗೇಣು ಉಬ್ಬಿತ್ತು. ಗಾಡಿ ಇದ್ದುದರಿಂದಲೇ ಅದು ಬೀದಿಗೆ ಕಾಣುತ್ತಿರಲಿಲ್ಲ. ಗಾಡಿ ಸರಿದರೆ ಎಲ್ಲರಿಗೂ ಕಾಣುತ್ತದೆ — ಇದು ನನ್ನ ತಲೆಗೆ ಬಂದ ಮೊದಲ ಯೋಚನೆ. ಎರಡನೆಯದು ಬರಲೇ ಇಲ್ಲ.

"ಏನೂ ಆಗಲ್ಲ ಯಲ್ಲವ್ವ, ಇಲ್ಲೇ ಇರಿ. ನೀವು ಸರಿದ್ರೆ ಚಿತ್ರ ಬಿಕೋ ಅನ್ನುತ್ತೆ."

ನೀವು ನಂಬಿದಿರಿ. ಇದ್ದಿಲು ಕೆದಕಿ ಮತ್ತೆ ಕೆಲಸಕ್ಕೆ ಹತ್ತಿದಿರಿ.

ಮೂರನೆಯ ದಿನ ಒಳ್ಳೆಯ ಬಿಸಿಲು. ಮಳೆಯಲ್ಲಿ ನಿಂತ ಗೋಡೆ ಬಿಸಿಲಿಗೆ ಬಿತ್ತು. ನಾನು ಓಡಿ ಬರುವಷ್ಟರಲ್ಲಿ ನಿಮ್ಮನ್ನು ಆಟೋದಲ್ಲಿ ಕರೆದೊಯ್ದಿದ್ದರು. ಗಾಡಿ ಚಪ್ಪಟೆಯಾಗಿತ್ತು. ಇಟ್ಟಿಗೆಗಳೆಲ್ಲ ಹಸಿ ಮುದ್ದೆ. ಅದರ ಮೇಲೆ ನನ್ನ ಬಣ್ಣ ಮಾತ್ರ ಹರಿಯದೆ, ಸುಲಿದ ಚರ್ಮದ ಹಾಗೆ, ಹಾಳೆ ಹಾಳೆಯಾಗಿ ಬಿದ್ದಿತ್ತು. ಸುಣ್ಣದ ಬಣ್ಣ ಹಾಗೆ ಸುಲಿಯುವುದಿಲ್ಲ. ನೋಡಿದವರಿಗೆ ಗೊತ್ತಾಗಿಬಿಡುತ್ತದೆ — ನಾನು ಆಸ್ಪತ್ರೆಗೆ ಹೋಗಲಿಲ್ಲ ಯಲ್ಲವ್ವ. ಮೊದಲು ಆ ಹಾಳೆಗಳನ್ನೆಲ್ಲ ಆಯ್ದು ಅಕ್ಕಿ ಚೀಲಕ್ಕೆ ತುಂಬಿದೆ. ನೆನಪಿಗೆಂದು ಇಟ್ಟುಕೊಳ್ಳುತ್ತಿದ್ದಾಳೆ ಪಾಪ, ಅಂದರು ಜನ.

ಮರುದಿನ ಸಮಿತಿಯ ಕಡೆಯಿಂದ ವಿಚಾರಣೆಗೆ ಬಂದವರು ಮುರಿದ ಗಾಡಿಯ ಪಕ್ಕದ ಬಕೆಟ್ಟು ನೋಡಿ ನನ್ನನ್ನೇ ಕೇಳಿದರು, "ಇಸ್ತ್ರಿಯವರು ದಿನಾ ಗೋಡೆ ಬುಡಕ್ಕೆ ನೀರು ಚೆಲ್ತಿದ್ರಾ?"

"ಹೌದು ಸಾರ್, ಚೆಲ್ತಿದ್ರು."

ಅಷ್ಟೇ. ನೀವು ಬಟ್ಟೆಗೆ ಚಿಮುಕಿಸಿ ಉಳಿದ ನೀರನ್ನು ದಿನವೂ ಗೋಡೆಗಲ್ಲ, ಆಚೆ ಬದಿಯ ಹೊಂಗೆ ಮರಕ್ಕೆ ಹಾಕುತ್ತಿದ್ದುದನ್ನು ನಾನು ಕಣ್ಣಾರೆ ನೋಡಿದ್ದೆ. ಆ ಒಂದು ಮಾತು ವರದಿಯಾಯಿತು, ವರದಿ ನಿಯಮವಾಯಿತು. ಹಳೆಯ ಗೋಡೆಗಳ ಪಕ್ಕ ಗಾಡಿ ನಿಲ್ಲಿಸಬಾರದು ಎಂಬ ಬೋರ್ಡು ಬಂತು. ನಿಮ್ಮ ಜೊತೆಗೆ ಟೀ ಗಾಡಿಯವರೂ ಹೂವಿನವರೂ ಎದ್ದುಹೋದರು. ಒಂದು ಗೋಡೆ ಉಳಿಸಿಕೊಳ್ಳಲು ಮಾಡಿದ ನಿಯಮವನ್ನು ನಾನು ಮುರಿದೆ, ಅದರ ಶಿಕ್ಷೆ ಇಡೀ ಬೀದಿಗಾಯಿತು.

ಎಂಟು ದಿನ ಬಿಟ್ಟು ಆಸ್ಪತ್ರೆಗೆ ಬಂದೆ. ನಿಮ್ಮ ಬಲಗೈಯನ್ನು ಮೊಣಕೈಯ ಕೆಳಗೆ ತೆಗೆದಿದ್ದರು. ನೀವು ಎಡಗೈಯಿಂದ ನನ್ನ ಕೈ ಹಿಡಿದುಕೊಂಡು ಹೇಳಿದಿರಿ — "ಬ್ಯಾಸರ ಮಾಡ್ಕೋಬ್ಯಾಡ್ರಿ ಅಕ್ಕಾರ. ಎಲ್ಲಾರೂ ಅನ್ನಾಕ್ಹತ್ಯಾರ... ನನ್ನ ನೀರಿನಿಂದ ನಿಮ್ಮ ಚಿತ್ರ ಹಾಳಾತು."

ಅಲ್ಲ, ನನ್ನ ಬಣ್ಣದಿಂದ ಎಂದು ನಾನು ಹೇಳಲಿಲ್ಲ. ಬದಲಿಗೆ ನಾಚಿಕೆಯಿಲ್ಲದೆ ಅತ್ತುಬಿಟ್ಟೆ, ನೀವೇ ಸಮಾಧಾನ ಮಾಡಿದಿರಿ. ಗೋಡೆ ಬೀಳಿಸಿದ್ದಕ್ಕಿಂತ ದೊಡ್ಡ ತಪ್ಪು ಅದೇ ಇರಬೇಕು.

ಈಗ ಆ ಬೀದಿಯಲ್ಲೇ ಇನ್ನೊಂದು ಗೋಡೆಗೆ ಚಿತ್ರ ಬರೆಯಲು ನನ್ನನ್ನು ಕರೆದಿದ್ದಾರೆ. ಸೋಮವಾರ ಸಮಿತಿಯ ಮುಂದೆ ಮಾದರಿ ಇಡಬೇಕು. ಮಾದರಿಯ ಬದಲು ಆ ಅಕ್ಕಿ ಚೀಲವನ್ನೂ ಈ ಕಾಗದವನ್ನೂ ಇಡುತ್ತೇನೆ. ಅದಕ್ಕೆ ಮುಂಚೆ, ನಾಳೆ ಬೆಳಿಗ್ಗೆ, ಚಂದಾಪುರದ ನಿಮ್ಮ ಮಗಳ ಮನೆಗೆ ಬರುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿದರೆ ನೀವು ಕ್ಷಮಿಸಿಬಿಡುತ್ತೀರಿ, ನನಗೆ ಅದೇ ಭಯ.

ಚೀಲವನ್ನು ಇವತ್ತು ಅಟ್ಟದಿಂದ ಇಳಿಸಿ ಬಿಚ್ಚಿದೆ. ಮೇಲೇ ಸಿಕ್ಕಿದ್ದು ನಿಮ್ಮ ಬಲಗೈಯ ಹಾಳೆ, ಇಸ್ತ್ರಿ ಹಿಡಿದ ಕೈ. ಐದೂ ಬೆರಳು ಹಾಗೇ ಇವೆ. ಬಣ್ಣ ಸ್ವಲ್ಪವೂ ಮಾಸಿಲ್ಲ.