ಲಿಫ್ಟಿನಲ್ಲಿ ಕೇಳಿದ್ದು

ಮೂವತ್ತೊಂದು ವರ್ಷ ಇವನು ಒಂದೇ ಲಿಫ್ಟಿನೊಳಗೆ ಸ್ಟೂಲಿನ ಮೇಲೆ ಕೂತು ಗುಂಡಿ ಒತ್ತಿದ. ಏಳನೇ ಮಹಡಿಯಲ್ಲಿ ಷೇರು ದಲ್ಲಾಳಿಗಳ ಕಚೇರಿ. ಬೆಳಗಿನ ಪಾಳಿ ಇವನದು, ಸಂಜೆಯದು ಬಾಮೈದನದು. ಮ್ಯಾನೇಜರನ ಕೈಕಾಲು ಹಿಡಿದು ಅವನಿಗೆ ಆ ಕೆಲಸ ಕೊಡಿಸಿದವನೂ ಇವನೇ.

ನಿವೃತ್ತಿಯ ವಾರ, ಗಿರಾಕಿಗಳನ್ನು ಮೇಲೆ ಕರೆದೊಯ್ಯುತ್ತ ದಲ್ಲಾಳಿಗಳೆಲ್ಲ ಒಂದೇ ಸಿಮೆಂಟ್ ಕಂಪನಿಯನ್ನು ಹಾಡಿ ಹೊಗಳಿದರು. ಇವನು ಗೋಡೆ ನೋಡುತ್ತಲೇ ಎಲ್ಲವನ್ನೂ ಕೇಳಿಸಿಕೊಂಡ. ಕೈಗೆ ಬಂದ ಪಿಎಫ್, ಗ್ರಾಚ್ಯುಟಿ ಅಷ್ಟನ್ನೂ ಅದರ ಷೇರಿಗೆ ಸುರಿದ. "ಅರ್ಧ ಆದ್ರೂ ಬ್ಯಾಂಕಲ್ಲಿಡಿ" ಎಂದ ಹೆಂಡತಿಗೆ, "ನಿಂಗೇನು ಗೊತ್ತು, ಸುಮ್ನಿರು" ಎಂದ.

ಹತ್ತೇ ತಿಂಗಳಲ್ಲಿ ಮಾರುಕಟ್ಟೆ ಮಕಾಡೆ ಮಲಗಿತು. ಆ ಷೇರನ್ನು ಕೇಳುವವರೇ ಇಲ್ಲದಂತಾಯಿತು. ಹೆಂಡತಿ ಕಂಡವರ ಮನೆಯ ಪಾತ್ರೆ ತೊಳೆಯಲು ಹೊರಟಳು. ಆ ದಿನಗಳಲ್ಲೇ ಒಮ್ಮೆ ಬಾಮೈದ ತನ್ನ ಹೊಸ ಮನೆಯ ಕೀಲಿ ತೋರಿಸಲು ಬಂದ.

"ಆ ಷೇರು ನನ್ಹತ್ರಾನೂ ಇತ್ತು ಭಾವ. ನೀವು ರಿಟೈರಾದ ವಾರಾನೇ ಮಾರಿಬಿಟ್ಟೆ. ಸಂಜೆ ಇಳಿಯೋವಾಗ ದಲ್ಲಾಳಿಗಳೇ ಮಾತಾಡ್ಕೊಂಡ್ರು, ಈ ಕಂಪನಿ ಇನ್ನು ಏಳಲ್ಲ, ನಮ್ಮದನ್ನೆಲ್ಲ ಗಿರಾಕಿಗಳ ತಲೆಗೆ ಕಟ್ಟಿಬಿಡೋಣ ಅಂತ."

"ನಂಗೊಂದು ಮಾತು ಹೇಳಬಾರದಿತ್ತೇನೋ?"

"ಲಿಫ್ಟಲ್ಲಿ ಕೇಳಿದ್ದು ಲಿಫ್ಟಲ್ಲೇ ಇರಬೇಕು ಅಂತ ಮೊದಲ ದಿನವೇ ಕಿವಿ ಹಿಂಡಿ ಕಲಿಸಿದ್ದು ನೀವೇ ಅಲ್ವಾ" ಎಂದು ಬಾಮೈದ ಎದ್ದ. ಚಪ್ಪಲಿ ಮೆಟ್ಟುತ್ತ ಮತ್ತೆ ತಿರುಗಿದ.

"ಅಕ್ಕ ಹೇಗೂ ನಾಲ್ಕು ಮನೆ ಕೆಲಸ ಮಾಡ್ತಾಳಲ್ಲ. ನಮ್ಮನೆಗೂ ಒಬ್ಬರು ಬೇಕಾಗಿತ್ತು."